ಹದಿನಾರು ಪ್ರಹರಗಳಲ್ಲಿ ದೇಹದ ನಡೆ



ಸಪ್ತಮಿಯ ಮಧ್ಯಾಹ್ನ ಏಕಭುಕ್ತವನ್ನು ಮುಗಿಸಿ, ಅಷ್ಟಮಿಯ ಹಗಲಿರುಳುಗಳನ್ನು ಚತುರ್ವಿಧ ಆಹಾರತ್ಯಾಗದಿಂದ ಕಳೆದು, ನವಮಿಯ ಮಧ್ಯಾಹ್ನ ಪಾರಣೆ ಮಾಡುವುದು ಉತ್ತಮ ಪ್ರೋಷಧೋಪವಾಸವೆಂದು ನಮ್ಮ ಶ್ರಾವಕಾಚಾರ ಗ್ರಂಥಗಳು ವಿಧಿಸುತ್ತವೆ. ಮೂರು ಗಂಟೆಗೊಂದು ಪ್ರಹರದಂತೆ ಇದು ಹದಿನಾರು ಪ್ರಹರಗಳ, ಎಂದರೆ 48 ಗಂಟೆಗಳ ವ್ರತವಾಯಿತು. ಈ ಅವಧಿಯಲ್ಲಿ ಶ್ರಾವಕನು ಮಾಡತಕ್ಕ ಸಾಮಾಯಿಕ, ಸ್ವಾಧ್ಯಾಯ, ಜಿನಪೂಜೆಗಳನ್ನು ಕುರಿತು ಈ ಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಆದರೆ ಅದೇ ಅವಧಿಯಲ್ಲಿ ಅವನ ಔದಾರಿಕ ಶರೀರವು ಏನೇನು ಮಾಡುತ್ತಿರುತ್ತದೆ, ಯಾವ ಅಂಗವು ಯಾವ ಹೊತ್ತಿನಲ್ಲಿ ಯಾವ ಭಾರವನ್ನು ಹೊರುತ್ತದೆ ಎಂಬುದನ್ನು ನಾವು ಬಹುಮಟ್ಟಿಗೆ ಅರಿಯೆವು. ಆ ಅಂಗಗಳ ಹೆಸರುಗಳನ್ನೂ ಅವುಗಳ ಕಾರ್ಯವನ್ನೂ ಪ್ರಹರದ ಕ್ರಮದಲ್ಲಿಯೇ ತಿಳಿಯುವುದು ಈ ಪಾಠದ ಉದ್ದೇಶ.

ಉಪವಾಸಕ್ಕೂ ನಮ್ಮ ಈ ಸೀಮೆಗೂ ಇರುವ ನಂಟು ಹಳೆಯದು. ಹರಪನಹಳ್ಳಿ ತಾಲೂಕಿನ ನಂದಿಬೇವೂರಿನಲ್ಲಿ ದೊರೆತಿರುವ 11ನೆಯ ಶತಮಾನದ ಶಾಸನದಲ್ಲಿ ಅಷ್ಟೋಪವಾಸಿ ಎಂಬ ಹೆಸರಿನ ಭಟಾರರು ಬರುತ್ತಾರೆ. ಅಲ್ಲಿಂದ ಬಹಳ ದೂರವಲ್ಲದ ಕೋಗಳಿಯ ಬಸದಿಯನ್ನು ಗಂಗರ ದುರ್ವಿನೀತನು ಕಟ್ಟಿಸಿದನೆಂದು ಅದೇ ಶತಮಾನದ ಮತ್ತೊಂದು ಶಾಸನ ಹೇಳುತ್ತದೆ. ಎಂಟು ಉಪವಾಸಗಳ ತಪಸ್ಸೇ ಒಬ್ಬ ಮುನಿಯ ಹೆಸರಾಗಿ ಕಲ್ಲಿನಲ್ಲಿ ನಿಂತ ನೆಲವಿದು. ಇಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಚದುರಿಹೋಗಿರುವ ನಮ್ಮ ಮನೆಗಳಲ್ಲಿಯೂ ಭಾದ್ರಪದ ಬಂತೆಂದರೆ ಹಿರಿಯರು, ಅದರಲ್ಲಿಯೂ ತಾಯಂದಿರು, ಉಪವಾಸಕ್ಕೆ ಕೂಡುತ್ತಾರೆ. ಅವರಲ್ಲಿ ಅನೇಕರಿಗೆ ಈಗ ಸಕ್ಕರೆ ಕಾಯಿಲೆಯಿದೆ, ರಕ್ತದೊತ್ತಡವಿದೆ, ದಿನಕ್ಕೆ ಮೂರು ನಾಲ್ಕು ಗುಳಿಗೆಗಳಿವೆ. ಅಷ್ಟೋಪವಾಸಿ ಮುನಿಗಳ ಕಾಲಕ್ಕೂ ನಮ್ಮ ಕಾಲಕ್ಕೂ ಇರುವ ಈ ಅಂತರವನ್ನು ಲೆಕ್ಕಕ್ಕೆ ಹಿಡಿಯದೆ ವ್ರತ ಹಿಡಿಯುವುದು ಸರಿಯಲ್ಲವೆಂಬುದು ನನ್ನ ನಿಶ್ಚಿತ ಅಭಿಪ್ರಾಯ.

ಸಂಹನನ, ಸ್ನಾಯು ಮುಂತಾದ ಮಾತುಗಳು

ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿನ ಭಾವನೆಗೆ ‘ಶಕ್ತಿತಸ್ತಪ’ ಎಂದು ಹೆಸರು. ಬರಿಯ ತಪವಲ್ಲ, ಶಕ್ತಿಗೆ ತಕ್ಕ ತಪ. ಆ ಶಕ್ತಿಯ ಅಳತೆಯನ್ನು ಶಾಸ್ತ್ರವು ಮನಸ್ಸಿನ ಉತ್ಸಾಹಕ್ಕೆ ಮಾತ್ರ ಬಿಟ್ಟಿಲ್ಲ. ಎಲುಬಿನ ಕಟ್ಟಿಗೂ ಜೋಡಿಸಿದೆ. ಅದೇ ಸಂಹನನ. ವಜ್ರವೃಷಭನಾರಾಚ, ವಜ್ರನಾರಾಚ, ನಾರಾಚ, ಅರ್ಧನಾರಾಚ, ಕೀಲಿತ, ಅಸಂಪ್ರಾಪ್ತಸೃಪಾಟಿಕಾ ಎಂದು ಆರು ಬಗೆ. ಎಲುಬು, ಅದರ ಸುತ್ತಣ ಬಂಧ, ಅದನ್ನು ಬಿಗಿದ ಕೀಲು ಮೂರೂ ವಜ್ರಸಮಾನವಾದುದು ಮೊದಲನೆಯದು. ಎಲುಬುಗಳು ಒಂದಕ್ಕೊಂದು ಕೀಲುಗೂಡದೆ ನರ ಮಾಂಸಗಳಿಂದ ಮಾತ್ರ ಹಿಡಿದುನಿಂತುದು ಕೊನೆಯದು. ಪಂಚಮಕಾಲದಲ್ಲಿ ಕೊನೆಯ ಮೂರು ಮಾತ್ರ ಸಂಭವಿಸುತ್ತವೆಂದು ನಮ್ಮ ಆಚಾರ್ಯರ ಮತ. ಪುರಾಣಪುರುಷರ ತಪಸ್ಸನ್ನು ಕೇಳಿ ಭಕ್ತಿಯಿಂದ ಕೈಮುಗಿಯುವುದು ಬೇರೆ; ಅದನ್ನೇ ನಮ್ಮ ದೇಹಕ್ಕೆ ಅಳತೆಗೋಲಾಗಿ ಹಿಡಿಯುವುದು ಬೇರೆ. ಎರಡನೆಯದನ್ನು ಶಾಸ್ತ್ರವೇ ಒಪ್ಪುವುದಿಲ್ಲ.

ದೇಹದ ಅಂಗಗಳನ್ನು ಎಣಿಸುವ ಪದ್ಧತಿಯೂ ನಮ್ಮಲ್ಲಿ ಹೊಸದಲ್ಲ. ಶಿವಾರ್ಯರ ಭಗವತೀ ಆರಾಧನೆಯಲ್ಲಿ 300 ಎಲುಬುಗಳು, 300 ಸಂಧಿಗಳು, 900 ಸ್ನಾಯುಗಳು, 700 ಸಿರೆಗಳು, 500 ಮಾಂಸಪೇಶಿಗಳು ಎಂಬ ಲೆಕ್ಕವಿದೆ. ಇಂದಿನ ಅಂಗರಚನಾಶಾಸ್ತ್ರವು ಬೆಳೆದ ಮನುಷ್ಯನಲ್ಲಿ 206 ಎಲುಬುಗಳನ್ನು ಎಣಿಸುತ್ತದೆ. ಹುಟ್ಟಿದ ಮಗುವಿನಲ್ಲಿ ಎಲುಬಿನ ತುಂಡುಗಳು 300ಕ್ಕೆ ಸಮೀಪವಾಗಿದ್ದು, ಬೆಳೆದಂತೆ ಕೂಡಿಕೊಳ್ಳುತ್ತವೆ. ಇದನ್ನು ಹಿಡಿದುಕೊಂಡು ‘ನೋಡಿರಿ, ನಮ್ಮವರು ಶಿಶುವಿನ ಎಲುಬನ್ನೇ ಎಣಿಸಿದ್ದರು’ ಎಂದು ವಾದಿಸುವವರಿದ್ದಾರೆ. ಅಂಥ ವಾದ ಅನಾವಶ್ಯಕ. ಶಿವಾರ್ಯರು ಆ ಲೆಕ್ಕವನ್ನು ಹೇಳಿದ್ದು ಅಶುಚಿತ್ವವನ್ನು ಭಾವಿಸುವುದಕ್ಕೆ, ವೈದ್ಯನಿಗೆ ಪಾಠ ಹೇಳುವುದಕ್ಕಲ್ಲ. ವೈದ್ಯಕ್ಕೆಂದೇ ಬರೆದ ಜೈನ ಗ್ರಂಥಗಳು ಬೇರೆ ಇವೆ. ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಔಷಧ ವಿಧಿಸಿದ ಉಗ್ರಾದಿತ್ಯಾಚಾರ್ಯರ ಸಂಸ್ಕೃತ ಕಲ್ಯಾಣಕಾರಕ, ಜಗದ್ದಳ ಸೋಮನಾಥನ ಕನ್ನಡ ಕಲ್ಯಾಣಕಾರಕಗಳನ್ನು ಹೆಸರಿಸಿದರೆ ಸಾಕು.

ಮೇಲಿನ ಎಣಿಕೆಯಲ್ಲಿ ವಿದ್ಯಾರ್ಥಿಯು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಇಂದಿನ ಪಠ್ಯಪುಸ್ತಕದಲ್ಲಿ ಸ್ನಾಯು ಎಂದರೆ ಮಾಂಸಖಂಡ. ಆದರೆ ಶಿವಾರ್ಯರು ಮಾಂಸಪೇಶಿಗಳನ್ನು ಬೇರೆಯಾಗಿಯೂ ಸ್ನಾಯುಗಳನ್ನು ಬೇರೆಯಾಗಿಯೂ ಎಣಿಸಿದ್ದಾರೆ. ಹಳೆಯ ಗ್ರಂಥದ ಸ್ನಾಯುವೆಂದರೆ ಎಲುಬುಗಳನ್ನು ಬಿಗಿಯುವ ನಾರು, ಕಟ್ಟು. ಅದೇ ರೀತಿ, ಹೃದಯದಿಂದ ರಕ್ತವನ್ನು ಒಯ್ಯುವ ನಾಳಕ್ಕೆ ಇಂದು ಅಪಧಮನಿಯೆಂದೂ, ಮರಳಿ ತರುವುದಕ್ಕೆ ಅಭಿಧಮನಿಯೆಂದೂ ಹೆಸರು. ಹಳೆಯ ಸಿರೆ, ಧಮನಿಗಳು ಈ ವಿಭಾಗಕ್ಕೆ ನೇರವಾಗಿ ಹೊಂದುವುದಿಲ್ಲ. ಪಿತ್ತವೆಂದರೆ ಯಕೃತ್ತಿನಿಂದ ಸ್ರವಿಸುವ ಹಸಿರು ಹಳದಿಯ ರಸವೂ ಹೌದು, ತ್ರಿದೋಷಗಳಲ್ಲಿ ಒಂದೂ ಹೌದು. ಎರಡೂ ಒಂದೇ ಅಲ್ಲ. ಹೆಸರು ಒಂದೇ ಆದಮಾತ್ರಕ್ಕೆ ವಸ್ತು ಒಂದೇ ಎಂದು ತಿಳಿಯಬಾರದು.

ಇದೇ ಎಚ್ಚರಿಕೆಯನ್ನು ತೈಜಸ ಶರೀರದ ವಿಷಯದಲ್ಲಿಯೂ ಹೇಳಬೇಕಾಗಿದೆ. ತೈಜಸ ಶರೀರವೆಂದರೆ ಮೈಯ ಶಾಖವೇ, ವಿದ್ಯುತ್ತೇ ಎಂದು ಬರೆಯುವುದು ಈಚೆಗೆ ಹೆಚ್ಚಾಗಿದೆ. ತೈಜಸವೂ ಕಾರ್ಮಣವೂ ಜೀವನು ಒಂದು ಭವದಿಂದ ಇನ್ನೊಂದಕ್ಕೆ ಹೋಗುವಾಗಲೂ ಬಿಡದ ಸೂಕ್ಷ್ಮ ಶರೀರಗಳು; ಜ್ವರಮಾಪಕದ ಅಳತೆಗೆ ಅವು ಸಿಕ್ಕವು. ಈ ಪಾಠವು ಔದಾರಿಕ ಶರೀರಕ್ಕೆ ಮಾತ್ರ ಸಂಬಂಧಿಸಿದುದು. ಹಾಗೆಯೇ ನೋಕರ್ಮಾಹಾರ, ಕರ್ಮಾಹಾರ, ಕವಲಾಹಾರ, ಲೇಪಾಹಾರ, ಓಜಾಹಾರ, ಮಾನಸಾಹಾರ ಎಂಬ ಆರು ಆಹಾರಗಳಲ್ಲಿ ನಾವು ಉಪವಾಸದಂದು ಬಿಡುವುದು ಕವಲಾಹಾರವನ್ನು, ಎಂದರೆ ತುತ್ತಿನ ಆಹಾರವನ್ನು.

ಮೊದಲ ಎಂಟು ಪ್ರಹರಗಳು

ಸಪ್ತಮಿಯ ಮಧ್ಯಾಹ್ನ ಉಂಡ ಅನ್ನವು ಬಾಯಲ್ಲಿ ಲಾಲಾರಸದೊಡನೆ ಬೆರೆತು, ಅನ್ನನಾಳದ ಮೂಲಕ ಜಠರಕ್ಕೆ ಇಳಿಯುತ್ತದೆ. ಜಠರವೆಂಬುದು ಮಾಂಸದ ಚೀಲ. ಆಮ್ಲವನ್ನು ಸ್ರವಿಸಿ ಅನ್ನವನ್ನು ಕಡೆದು ಗಂಜಿಯಂತೆ ಮಾಡುತ್ತದೆ. ರೊಟ್ಟಿ, ಬೇಳೆಯ ಊಟವು ಜಠರವನ್ನು ಬಿಡಲು ಸುಮಾರು ಮೂರು ನಾಲ್ಕು ಗಂಟೆ ಬೇಕು. ಎಣ್ಣೆ ತುಪ್ಪ ಹೆಚ್ಚಿದ್ದರೆ ಇನ್ನೂ ತಡ. ಅಲ್ಲಿಂದ ಸಣ್ಣ ಕರುಳು. ಯಕೃತ್ತಿನಿಂದ ಪಿತ್ತರಸವೂ ಮೇದೋಜೀರಕ ಗ್ರಂಥಿಯಿಂದ ಪಾಚಕರಸವೂ ಇಲ್ಲಿ ಬಂದು ಸೇರುತ್ತವೆ. ಪಾಚಕರಸದಲ್ಲಿರುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಯೂ, ಬೇಳೆಯ ಸಸಾರಜನಕವನ್ನು ಅಮೈನೋ ಆಮ್ಲಗಳಾಗಿಯೂ, ಜಿಡ್ಡನ್ನು ಸಣ್ಣ ಕಣಗಳಾಗಿಯೂ ಒಡೆಯುತ್ತವೆ. ಕರುಳಿನ ಒಳಗೋಡೆಯ ಸೂಕ್ಷ್ಮ ಬೆರಳುಗಳು ಇವನ್ನು ಹೀರಿಕೊಳ್ಳುತ್ತವೆ. ಉಳಿದ ಅಸಾರಭಾಗವು ದೊಡ್ಡ ಕರುಳಿಗೆ ಸಾಗಿ, ನೀರನ್ನು ಕಳೆದುಕೊಂಡು ಮಲವಾಗುತ್ತದೆ. ಆಹಾರಪರ್ಯಾಪ್ತಿಯ ವಿವರಣೆಯಲ್ಲಿ ಬರುವ ಖಲಭಾಗ, ರಸಭಾಗಗಳೆಂಬ ಮಾತುಗಳು ಇಲ್ಲಿ ನೆನಪಿಗೆ ಬರುವುದು ಸಹಜ. ಆದರೆ ಆ ಪರ್ಯಾಪ್ತಿಯು ಜನ್ಮದ ಆರಂಭದಲ್ಲಿ ಅಂತರ್ಮುಹೂರ್ತದೊಳಗೆ ಮುಗಿಯುವ ಕಾರ್ಯ; ನಿತ್ಯದ ಪಚನವಲ್ಲ.

ಹೀರಲ್ಪಟ್ಟ ಸಕ್ಕರೆಯು ನೇರವಾಗಿ ಮೈಯೆಲ್ಲ ಹರಡುವುದಿಲ್ಲ. ಕರುಳಿನ ರಕ್ತವೆಲ್ಲ ಮೊದಲು ಯಕೃತ್ತಿಗೆ ಹೋಗುತ್ತದೆ. ಬಲಪಕ್ಕೆಯ ಎಲುಬುಗಳ ಹಿಂದೆ ಇರುವ, ಸುಮಾರು ಒಂದೂವರೆ ಕಿಲೋ ತೂಕದ ಈ ಅಂಗವು ದೇಹದ ಉಗ್ರಾಣ. ಹೆಚ್ಚಾದ ಸಕ್ಕರೆಯನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಇಲ್ಲಿ ತುಂಬಿಡಲಾಗುತ್ತದೆ. ಸುಮಾರು 100 ಗ್ರಾಂ ಹಿಡಿಸುತ್ತದೆ. ಮಾಂಸಖಂಡಗಳಲ್ಲಿ ಇದಕ್ಕಿಂತ ಮೂರು ನಾಲ್ಕು ಪಾಲು ಹೆಚ್ಚು ಸಂಗ್ರಹವಿದ್ದರೂ ಅದು ಆಯಾ ಮಾಂಸಖಂಡದ ಸ್ವಂತ ಬಳಕೆಗೆ ಮಾತ್ರ. ಸಕ್ಕರೆಯಾಗಿ ರಕ್ತಕ್ಕೆ ಹೊರಬರಲಾರದು. ತುಂಬುವ ಅಪ್ಪಣೆಯನ್ನು ಕೊಡುವುದು ಇನ್ಸುಲಿನ್, ತೆಗೆಯುವ ಅಪ್ಪಣೆಯನ್ನು ಕೊಡುವುದು ಗ್ಲುಕಗಾನ್. ಎರಡೂ ಮೇದೋಜೀರಕ ಗ್ರಂಥಿಯಿಂದಲೇ ಹುಟ್ಟುವ ಹಾರ್ಮೋನುಗಳು. ಮೊದಲನೆಯದನ್ನು 1921ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ಬೇರ್ಪಡಿಸಿದರು.

ಒಂದು ಲೆಕ್ಕವನ್ನು ಮನಸ್ಸಿನಲ್ಲಿಡಿ. ಆರೋಗ್ಯವಂತನ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತವಿದ್ದು, ಅದರಲ್ಲಿ ಕರಗಿರುವ ಸಕ್ಕರೆ ಒಂದು ಚಹಾ ಚಮಚೆಯಷ್ಟು, ಸುಮಾರು 5 ಗ್ರಾಂ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರವಿರುವ ಮಿದುಳು ದಿನವೊಂದಕ್ಕೆ 120 ಗ್ರಾಂ ಸಕ್ಕರೆಯನ್ನು ಉರಿಸುತ್ತದೆ. ಎಂದರೆ ಆ ಚಮಚೆಯನ್ನು ಯಕೃತ್ತು ತಾಸುತಾಸಿಗೆ ಮತ್ತೆ ಮತ್ತೆ ತುಂಬಿಕೊಡುತ್ತಲೇ ಇರಬೇಕು. ಸಪ್ತಮಿಯ ಸೂರ್ಯಾಸ್ತದ ಹೊತ್ತಿಗೆ ಆರಂಭವಾದ ಈ ಕೆಲಸ ಇಡೀ ರಾತ್ರಿ ನಡೆಯುತ್ತದೆ. ಅಷ್ಟಮಿಯ ಮಧ್ಯಾಹ್ನ, ಎಂದರೆ ಎಂಟು ಪ್ರಹರಗಳು ಕಳೆಯುವಾಗ, ಉಗ್ರಾಣ ಬಹುತೇಕ ಬರಿದಾಗಿರುತ್ತದೆ.

ಅಷ್ಟಮಿಯ ಬೆಳಿಗ್ಗೆ ತಲೆನೋವು ಬರುವುದು ಅನೇಕರ ಅನುಭವ. ಪಿತ್ತ ಕೆರಳಿತೆಂದು ಹಣೆಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಬಹಳ ಸಲ ಅದರ ಕಾರಣ ಪಿತ್ತವಲ್ಲ, ಚಹಾ. ದಿನಕ್ಕೆ ನಾಲ್ಕು ಬಟ್ಟಲು ಕುಡಿಯುವ ಮೈಗೆ ಅದು ಒಮ್ಮೆಲೇ ತಪ್ಪಿದರೆ ತಲೆ ಸಿಡಿಯುತ್ತದೆ. ಪರ್ವಕ್ಕೆ ಒಂದು ವಾರ ಮೊದಲೇ ಬಟ್ಟಲುಗಳನ್ನು ಒಂದೊಂದಾಗಿ ಕಡಿಮೆ ಮಾಡಿದರೆ ಇದು ತಪ್ಪುತ್ತದೆ, ಸಂಯಮಕ್ಕೂ ಅಭ್ಯಾಸವಾದಂತಾಯಿತು.

ಉತ್ತರಾರ್ಧ

ಉಗ್ರಾಣ ಬರಿದಾದ ಮೇಲೆ ದೇಹವು ಎರಡು ದಾರಿಗಳನ್ನು ಹಿಡಿಯುತ್ತದೆ. ಒಂದು, ಮಾಂಸಖಂಡಗಳಿಂದ ಬರುವ ಅಮೈನೋ ಆಮ್ಲಗಳು ಮೊದಲಾದ ವಸ್ತುಗಳಿಂದ ಯಕೃತ್ತು ಹೊಸದಾಗಿ ಸಕ್ಕರೆಯನ್ನು ತಯಾರಿಸುವುದು. ಮತ್ತೊಂದು, ಚರ್ಮದ ಕೆಳಗೂ ಹೊಟ್ಟೆಯ ಒಳಗೂ ಶೇಖರವಾದ ಮೇದಸ್ಸನ್ನು ಕರಗಿಸಿ ಉರಿಸುವುದು. ಮೇದಸ್ಸಿನಿಂದ ಯಕೃತ್ತು ಕೀಟೋನ್ ಎಂಬ ಪದಾರ್ಥಗಳನ್ನು ಮಾಡಿ ರಕ್ತಕ್ಕೆ ಬಿಡುತ್ತದೆ. ಮಿದುಳು ಮೆಲ್ಲಮೆಲ್ಲನೆ ಅವನ್ನು ಬಳಸಲು ಆರಂಭಿಸುತ್ತದೆ. ದಶಲಕ್ಷಣದಲ್ಲಿ ಎರಡು ಮೂರು ದಿನ ನಿರಂತರ ಉಪವಾಸ ಮಾಡುವವರ ಉಸಿರಿನಲ್ಲಿ ಒಂದು ಬಗೆಯ ಹಣ್ಣು ಕೊಳೆತಂತಹ ವಾಸನೆ ಬರುವುದಕ್ಕೂ, ಮೂರನೆಯ ದಿನ ಹಸಿವು ತಾನಾಗಿ ತಗ್ಗುವುದಕ್ಕೂ ಕೀಟೋನುಗಳ ಸಂಬಂಧವಿದೆ. 1960ರ ದಶಕದಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಜಾರ್ಜ್ ಕಾಹಿಲ್ ಎಂಬ ವೈದ್ಯವಿಜ್ಞಾನಿಯು ಸ್ಥೂಲಕಾಯದ ಸ್ವಯಂಸೇವಕರನ್ನು ಐದಾರು ವಾರ ಉಪವಾಸವಿರಿಸಿ ಪರೀಕ್ಷಿಸಿದಾಗ, ಅವರ ಮಿದುಳು ಬಹುಪಾಲು ಕೀಟೋನುಗಳ ಮೇಲೆಯೇ ನಡೆಯುತ್ತಿದ್ದುದು ಕಂಡುಬಂತು. ಆದರೆ ಅವರು ಆಸ್ಪತ್ರೆಯಲ್ಲಿದ್ದರು, ನೀರು ಕುಡಿಯುತ್ತಿದ್ದರು ಎಂಬುದನ್ನು ಈ ಪ್ರಯೋಗವನ್ನು ಉದಾಹರಿಸುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ಇನ್ನೊಂದು ಮಾತು ಪದೇ ಪದೇ ಕೇಳಿಬರುತ್ತದೆ: ಉಪವಾಸಕ್ಕೆ ನೊಬೆಲ್ ಪ್ರಶಸ್ತಿ ಬಂದಿತೆಂದು. 2016ರಲ್ಲಿ ಜಪಾನಿನ ಯೋಶಿನೋರಿ ಓಸುಮಿಯವರಿಗೆ ಆ ಪ್ರಶಸ್ತಿ ಬಂದುದು ನಿಜ. ಜೀವಕೋಶವು ತನ್ನದೇ ಹಳಸಿದ ಭಾಗಗಳನ್ನು ಕರಗಿಸಿ ಮರುಬಳಕೆ ಮಾಡುವ ಕ್ರಿಯೆಯನ್ನು ಅವರು ವಿವರಿಸಿದರು. ಅವರು ಆ ಕೆಲಸವನ್ನು ಮಾಡಿದ್ದು ಯೀಸ್ಟ್ ಎಂಬ ಏಕಕೋಶದ ಜೀವಿಯಲ್ಲಿ. ಮನುಷ್ಯನು ಎಷ್ಟು ದಿನ ಉಪವಾಸವಿರಬೇಕೆಂದು ಅವರು ಹೇಳಲಿಲ್ಲ. ನಮ್ಮ ವ್ರತವು ಕರ್ಮನಿರ್ಜರೆಗಾಗಿ. ಅದಕ್ಕೆ ಪರದೇಶದ ಪ್ರಶಸ್ತಿಯ ಮುದ್ರೆ ಬೇಕೆಂದು ನನಗೆ ತೋರುವುದಿಲ್ಲ.

ಇರಲಿ. ಅರವತ್ತು ಕಿಲೋ ತೂಕದ ಸಾಮಾನ್ಯ ಮನುಷ್ಯನ ಮೈಯಲ್ಲಿ ಹತ್ತು ಕಿಲೋಗಿಂತ ಹೆಚ್ಚು ಮೇದಸ್ಸು ಇರುತ್ತದೆ. ಶಕ್ತಿಯ ದೃಷ್ಟಿಯಿಂದ ಇದು ವಾರಗಟ್ಟಲೆ ಸಾಲುವ ಬಂಡವಾಳ. ಆದುದರಿಂದ ಆರೋಗ್ಯವಂತನಾದ ಪ್ರೌಢನಿಗೆ ಹದಿನಾರು ಪ್ರಹರ ಅನ್ನವಿಲ್ಲದಿರುವುದು ಕಷ್ಟವೆನಿಸಿದರೂ ಅಪಾಯವಲ್ಲ. ಅನ್ನದ ಕಣಜ ದೊಡ್ಡದು. ಚಿಕ್ಕದಾಗಿರುವುದು ನೀರಿನ ಕೊಡ. ನಮ್ಮ ಮನೆಗಳಲ್ಲಿ ಉಪವಾಸದವರನ್ನು ‘ಹಸಿವಾಯಿತೇ?’ ಎಂದು ಹತ್ತು ಸಲ ಕೇಳುತ್ತೇವೆ; ಮೂತ್ರವಾಯಿತೇ ಎಂದು ಒಮ್ಮೆಯೂ ಕೇಳುವುದಿಲ್ಲ. ಕೇಳಬೇಕಾದುದು ಎರಡನೆಯ ಪ್ರಶ್ನೆ.

ನೀರಿನ ಲೆಕ್ಕ

ಸೊಂಟದ ಮೇಲೆ, ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ ಅವರೆ ಬೀಜದ ಆಕಾರದ ಎರಡು ಮೂತ್ರಪಿಂಡಗಳಿವೆ. ಹಳೆಯ ಹೆಸರು ವೃಕ್ಕ. ಒಂದೊಂದೂ ಸುಮಾರು 150 ಗ್ರಾಂ ತೂಗುತ್ತದೆ. ದಿನವೊಂದಕ್ಕೆ ಇವು ರಕ್ತದಿಂದ 180 ಲೀಟರಿನಷ್ಟು ದ್ರವವನ್ನು ಸೋಸಿ, ಅದರಲ್ಲಿ ಒಂದು ಒಂದೂವರೆ ಲೀಟರನ್ನು ಮಾತ್ರ ಮೂತ್ರವಾಗಿ ಬಿಟ್ಟು, ಉಳಿದುದನ್ನೆಲ್ಲ ಮರಳಿ ರಕ್ತಕ್ಕೆ ಸೇರಿಸುತ್ತವೆ. ನೀರು ಕುಡಿಯದಿದ್ದಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಒಂದು ಹಾರ್ಮೋನನ್ನು ಕಳುಹಿಸಿ ನೀರನ್ನು ಇನ್ನಷ್ಟು ಉಳಿಸಿಕೊಳ್ಳಲು ಆಜ್ಞಾಪಿಸುತ್ತದೆ. ಮೂತ್ರವು ಗಾಢವಾಗುತ್ತದೆ. ಆದರೆ ಇದಕ್ಕೊಂದು ಮಿತಿಯಿದೆ: ದಿನದ ಕಲ್ಮಷವನ್ನು ಹೊರಹಾಕಲು ಏನಿಲ್ಲವೆಂದರೂ ಅರ್ಧ ಲೀಟರ್ ಮೂತ್ರ ಬೇಕೇ ಬೇಕು. ಇದಲ್ಲದೆ ಉಸಿರಿನಲ್ಲಿಯೂ ಚರ್ಮದಿಂದಲೂ ನಮಗೆ ಅರಿವಾಗದಂತೆ ಮುಕ್ಕಾಲು ಲೀಟರಿನಷ್ಟು ನೀರು ಹೋಗುತ್ತದೆ. ಬೆವರು ಪ್ರತ್ಯೇಕ. ಒಳಗಿನಿಂದ ಬರುವ ಲಾಭವೂ ಒಂದಿದೆ; 100 ಗ್ರಾಂ ಮೇದಸ್ಸು ಉರಿದರೆ 100 ಮಿಲಿಲೀಟರಿಗೆ ಸ್ವಲ್ಪ ಹೆಚ್ಚು ನೀರು ಹುಟ್ಟುತ್ತದೆ. ಎಲ್ಲವನ್ನೂ ಕೂಡಿ ಕಳೆದರೆ, ನೆರಳಿನಲ್ಲಿ ಕುಳಿತವನಿಗೂ ದಿನಕ್ಕೆ ಸುಮಾರು ಒಂದು ಲೀಟರ್ ನಷ್ಟ. ಹದಿನಾರು ಪ್ರಹರಗಳಿಗೆ ಸುಮಾರು ಎರಡು ಲೀಟರ್. ಅರವತ್ತು ಕಿಲೋ ದೇಹದಲ್ಲಿ ಇದು ತೂಕದ ನೂರಕ್ಕೆ ಮೂರು ಪಾಲು. ಯುವಕನು ತಾಳಿಕೊಳ್ಳುತ್ತಾನೆ. ಫಾಲ್ಗುಣದ ಅಷ್ಟಾಹ್ನಿಕ ಕಳೆದು ಚೈತ್ರ ವೈಶಾಖಗಳು ಬಂದಾಗ ನಮ್ಮ ಬಯಲುಸೀಮೆಯ ಬಿಸಿಲು 40 ಡಿಗ್ರಿಯನ್ನು ಮುಟ್ಟುತ್ತದೆ. ಆಗ ಅಂಗಡಿಯಲ್ಲಿ ನಿಂತು ವ್ಯಾಪಾರ ಮಾಡುತ್ತ ನಿರ್ಜಲವಿರುವವನ ಲೆಕ್ಕವೇ ಬೇರೆಯಾಗುತ್ತದೆ.

ವೃದ್ಧರ ಲೆಕ್ಕ ಇನ್ನೂ ಬೇರೆ. ವಯಸ್ಸಾದಂತೆ ಮೈಯಲ್ಲಿ ನೀರಿನ ಪಾಲು ಕಡಿಮೆಯಾಗುತ್ತದೆ, ಮೂತ್ರವನ್ನು ಗಾಢಗೊಳಿಸುವ ಶಕ್ತಿ ಕುಂದುತ್ತದೆ, ಮತ್ತು ಬಾಯಾರಿಕೆಯ ಅರಿವೇ ಮಂದವಾಗುತ್ತದೆ. ಎಪ್ಪತ್ತರ ಹಿರಿಯರು ‘ನನಗೆ ನೀರಡಿಕೆಯೇ ಆಗಲಿಲ್ಲ’ ಎಂದು ಸಂತೋಷದಿಂದ ಹೇಳಿದಾಗ ಅದು ತೃಷಾಪರೀಷಹದ ಜಯವೇ ಆಗಿರಬೇಕೆಂದಿಲ್ಲ. ಪರೀಷಹಜಯವೆಂದರೆ ಬಂದ ಬಾಧೆಯನ್ನು ಸಮತೆಯಿಂದ ಸಹಿಸುವುದು. ಬಾಧೆಯ ಅರಿವೇ ಬಾರದಿರುವುದು ಇಂದ್ರಿಯದ ದೌರ್ಬಲ್ಯ. ಇದನ್ನು ಮನೆಯವರು ವಿವೇಚಿಸಬೇಕು. ಮೂತ್ರದ ಬಣ್ಣ ಜೋಳದ ಒಣದಂಟಿನಂತೆ ತಿಳಿಹಳದಿಯಾಗಿದ್ದರೆ ಚಿಂತೆಯಿಲ್ಲ. ಕಷಾಯದಂತೆ ಕಪ್ಪಾದರೆ, ನಾಲ್ಕು ಪ್ರಹರಗಳಲ್ಲಿ ಒಮ್ಮೆಯೂ ಆಗದಿದ್ದರೆ, ನಾಲಿಗೆ ಒಣಗಿ ಮಾತು ತೊದಲಿದರೆ, ಆಗ ವೈದ್ಯರಲ್ಲಿಗೆ ಹೋಗುವುದೇ ಮಾರ್ಗ. ಅಭಿಷೇಕಕ್ಕಾಗಿ ಬಹಳ ಹೊತ್ತು ನಿಂತಾಗ ಕಣ್ಣು ಕತ್ತಲೆಗಟ್ಟುವುದೂ ನೀರಿನ ಕೊರತೆಯಿಂದಲೇ. ರಕ್ತದ ಪ್ರಮಾಣ ತಗ್ಗಿದಾಗ ಕಾಲಿಗೆ ಇಳಿದ ರಕ್ತವನ್ನು ಮಿದುಳಿಗೆ ಎತ್ತಿಕೊಡಲು ಹೃದಯಕ್ಕೆ ಸಾಧ್ಯವಾಗುವುದಿಲ್ಲ. ಕೂಡಲೇ ಅವರನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರದಲ್ಲಿಡಬೇಕು.

ಈಗ ಶಾಸ್ತ್ರದ ಕಡೆಗೆ ತಿರುಗೋಣ. 13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಈ ವಿಷಯವನ್ನು ಸ್ಪಷ್ಟಪಡಿಸಿದ್ದಾರೆ. ಉಪವಾಸಕ್ಕೆ ಅಸಮರ್ಥನಾದವನು ಅನುಪವಾಸವನ್ನು, ಎಂದರೆ ನೀರೊಂದನ್ನು ಉಳಿಸಿಕೊಂಡು ಉಳಿದ ಆಹಾರದ ತ್ಯಾಗವನ್ನು ಮಾಡಬೇಕು. ಅದಕ್ಕೂ ಅಸಮರ್ಥನು ಆಚಾಮ್ಲ, ನಿರ್ವಿಕೃತಿ ಮೊದಲಾದ ರಸವಿಲ್ಲದ ಆಹಾರವನ್ನು ಸ್ವೀಕರಿಸಬೇಕು. ಶಕ್ತ್ಯನುಸಾರವಾದ ತಪಸ್ಸೇ ಶ್ರೇಯಸ್ಸಿಗೆ ಕಾರಣ ಎಂಬುದು ಅವರ ಅಭಿಪ್ರಾಯ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಸಲ್ಲೇಖನೆಯ ಕ್ರಮವನ್ನು ಹೇಳುವಾಗಲೂ ಮೊದಲು ಅನ್ನವನ್ನು ಬಿಡಿಸಿ, ಸ್ನಿಗ್ಧಪಾನಕ್ಕೆ ತಂದು, ಅದನ್ನೂ ಬಿಡಿಸಿ ಖರಪಾನಕ್ಕೆ ತಂದು, ಅದರ ತ್ಯಾಗವನ್ನು ಕಡೆಗೆ ಇಟ್ಟಿದ್ದಾರೆ. ದೇಹವನ್ನೇ ಬಿಡಲು ಹೊರಟವನಿಗೂ ಪಾನವು ಕೊನೆಯದು. ಹೀಗಿರುವಾಗ ನೂರು ವರ್ಷ ಬಾಳಬೇಕಾದ ಗೃಹಸ್ಥನು ಕಾಯಿಲೆಯ ಮೈಯಲ್ಲಿ ನೀರನ್ನೇ ಮೊದಲು ಬಿಡುವುದೇಕೆ? ಗಾಳಿಸಿ ಕಾಯಿಸಿದ ಪ್ರಾಸುಕ ನೀರನ್ನು ಹಗಲಿನಲ್ಲಿ ಸ್ವೀಕರಿಸುವ ಅನುಪವಾಸವನ್ನು ಕೆಲವರು ಅರೆವ್ರತವೆಂದು ಹಗುರವಾಗಿ ಕಾಣುತ್ತಾರೆ. ಅದು ಸರಿಯಲ್ಲ, ಅದಕ್ಕೆ ಶಾಸ್ತ್ರದಲ್ಲಿ ಹೆಸರಿದೆ, ಸ್ಥಾನವಿದೆ.

ರಸಪರಿತ್ಯಾಗದಲ್ಲಿಯೂ ಒಂದು ಎಚ್ಚರಿಕೆ ಬೇಕು. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪುಗಳಲ್ಲಿ ಮೊದಲ ಐದನ್ನು ಬಿಟ್ಟರೆ ಕೆಲವು ದಿನಗಳಲ್ಲಿ ಯಾರಿಗೂ ಕೇಡಾಗದು. ಉಪ್ಪು ಹಾಗಲ್ಲ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವವರ ಮೈಯಿಂದ ಸೋಡಿಯಂ ಮೊದಲೇ ಹೊರಹೋಗುತ್ತಿರುತ್ತದೆ. ಅದರ ಮೇಲೆ ಹತ್ತು ದಿನ ಉಪ್ಪನ್ನು ಪೂರ್ತಿ ಬಿಟ್ಟರೆ ಮಂಕು, ವಾಕರಿಕೆ, ಮೈ ತೂಗಾಡುವಿಕೆ ಬರಬಹುದು.

ಸಕ್ಕರೆ ಕಾಯಿಲೆಯವರ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಇನ್ಸುಲಿನ್ ಚುಚ್ಚುಮದ್ದು ಮತ್ತು ಗ್ಲಿಮೆಪಿರೈಡ್ ಜಾತಿಯ ಗುಳಿಗೆಗಳು ಅನ್ನ ಬಂದರೂ ಬಾರದಿದ್ದರೂ ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಉಗ್ರಾಣ ಬರಿದಾಗುವ ಹೊತ್ತಿಗೆ ಆ ಒಂದು ಚಮಚೆಯೂ ಕರಗಿಹೋಗುತ್ತದೆ. ಸಕ್ಕರೆಯು 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ತಣ್ಣನೆಯ ಬೆವರು, ಕೈನಡುಕ, ಎದೆಬಡಿತ. ಇನ್ನೂ ಇಳಿದರೆ ಮಾತು ಅಸಂಬದ್ಧವಾಗಿ, ಜೋಂಪು ಹತ್ತಿ, ಎಚ್ಚರ ತಪ್ಪುತ್ತದೆ. ನಮ್ಮ ಬಳಗದ ಒಂದು ಮನೆಯಲ್ಲಿ ಅನಂತಚತುರ್ದಶಿಯ ಸಾಯಂಕಾಲ ಹಿರಿಯ ತಾಯಿಯೊಬ್ಬರು ಜಪಮಾಲೆ ಹಿಡಿದು ಕಣ್ಣುಮುಚ್ಚಿ ಕುಳಿತಿದ್ದರು. ಸಾಮಾಯಿಕದಲ್ಲಿದ್ದಾರೆಂದು ಮಕ್ಕಳು ಮೊಮ್ಮಕ್ಕಳು ಸದ್ದುಮಾಡದೆ ಓಡಾಡುತ್ತಿದ್ದರು. ಮಾಲೆ ಕೈಯಿಂದ ಜಾರಿದುದನ್ನು ಕಂಡ ಸೊಸೆಯು ಹತ್ತಿರ ಹೋಗಿ ಮುಟ್ಟಿದಾಗ ಅತ್ತೆಯ ಮೈಯೆಲ್ಲ ಬೆವರಿನಿಂದ ತೊಯ್ದಿತ್ತು, ಕರೆದರೆ ಓಗೊಡಲಿಲ್ಲ. ಆಸ್ಪತ್ರೆಯಲ್ಲಿ ಸೂಜಿಯ ಮೂಲಕ ಸಕ್ಕರೆಯ ದ್ರವ ಕೊಟ್ಟ ಮೇಲೆ ಕಣ್ಣು ತೆರೆದರು. ಬೆಳಿಗ್ಗೆ ಎಂದಿನ ಗುಳಿಗೆಯನ್ನು ಅವರು ಸೂರ್ಯೋದಯಕ್ಕೆ ಮೊದಲೇ ನುಂಗಿದ್ದರೆಂಬುದು ಆಮೇಲೆ ತಿಳಿಯಿತು. ಆ ಸೊಸೆಯ ಗಮನ ಇನ್ನೊಂದು ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೆಂದು ಹೇಳಬೇಕಾಗಿಲ್ಲ.

ಗುಳಿಗೆಯಿಂದ ಅಪಾಯವೆಂದು ಇನ್ಸುಲಿನ್ನನ್ನು ತಾನಾಗಿ ನಿಲ್ಲಿಸುವುದೂ ಅಷ್ಟೇ ಕೆಡುಕು. ಆಗ ಕೀಟೋನುಗಳು ಮಿತಿಮೀರಿ ರಕ್ತವು ಆಮ್ಲವಾಗುತ್ತದೆ. ಮೂತ್ರದಲ್ಲಿ ಸಕ್ಕರೆಯನ್ನು ಹೊರಹಾಕುವ ಹೊಸ ಬಗೆಯ ಗುಳಿಗೆಗಳಲ್ಲಿಯೂ ಈ ಭಯವಿದೆ. ಆದುದರಿಂದ ವ್ರತ ಸ್ವೀಕರಿಸುವ ಮೊದಲೇ, ಯಾವ ಔಷಧವನ್ನು ಎಷ್ಟು ಕಡಿಮೆ ಮಾಡಬೇಕು, ಉಪವಾಸ ತಕ್ಕುದೇ ಅಲ್ಲವೇ ಎಂಬುದನ್ನು ವೈದ್ಯರಲ್ಲಿ ಕೇಳತಕ್ಕದ್ದು. ಎಚ್ಚರವಿರುವಾಗ ನಡುಕ ಕಾಣಿಸಿದರೆ ಸಕ್ಕರೆಯ ನೀರನ್ನು ಕೂಡಲೇ ಕುಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ವ್ರತ ಕೆಟ್ಟಿತೆಂಬ ಸಂಕೋಚ ಬೇಡ. ಪ್ರಾಯಶ್ಚಿತ್ತವು ಅಂತರಂಗ ತಪಸ್ಸಿನಲ್ಲಿ ಮೊದಲನೆಯದು. ಗುರುಗಳಲ್ಲಿ ನಿವೇದಿಸಿಕೊಂಡರೆ ದಾರಿ ಹೇಳುತ್ತಾರೆ.

ಗರ್ಭಿಣಿಯರಲ್ಲಿ ಕೀಟೋನುಗಳು ಇತರರಿಗಿಂತ ಬೇಗ ಏರುತ್ತವೆ. ಮೊಲೆಯೂಡುವ ತಾಯಿಯು ದಿನಕ್ಕೆ ಮುಕ್ಕಾಲು ಲೀಟರಿನಷ್ಟು ನೀರನ್ನು ಹಾಲಿನ ರೂಪದಲ್ಲಿ ಮಗುವಿಗೆ ಕೊಡುತ್ತಿರುತ್ತಾಳೆ. ಚಿಕ್ಕ ಮಕ್ಕಳ ಯಕೃತ್ತಿನ ಸಂಗ್ರಹ ಅಲ್ಪ, ಮಿದುಳಿನ ಬೇಡಿಕೆ ದೊಡ್ಡದು. ಈ ಮೂವರಿಗೂ ಉಪವಾಸ ಸಲ್ಲದು. ಅನಶನದ ನಂತರದ ತಪವೇ ಅವಮೌದರ್ಯ. ಪುರುಷನಿಗೆ 32, ಸ್ತ್ರೀಗೆ 28 ತುತ್ತುಗಳನ್ನು ಪೂರ್ಣಾಹಾರವೆಂದು ಇಟ್ಟುಕೊಂಡು ಅದರಲ್ಲಿ ಕೆಲವನ್ನು ಕಡಿಮೆ ಉಣ್ಣುವುದು. ಸಕ್ಕರೆ ಕಾಯಿಲೆಯ ಹಿರಿಯರಿಗೆ ಇದಕ್ಕಿಂತ ಹಿತವಾದ ತಪ ನನಗೆ ಕಾಣದು. ವೈದ್ಯರೂ ಇದನ್ನೇ ಹೇಳುತ್ತಾರೆ, ನಮ್ಮವರು ಕೇಳುವುದಿಲ್ಲ.

ಪಾರಣೆ

ಒಂದು ಉಪವಾಸದ ಪಾರಣೆಗೆ ವಿಶೇಷ ವಿಧಿ ಬೇಕಾಗಿಲ್ಲ. ಆದರೆ ಐದು, ಎಂಟು, ಹತ್ತು ಉಪವಾಸಗಳನ್ನು ಮಾಡಿದವರ ಪಾರಣೆಯು ಉಪವಾಸಕ್ಕಿಂತಲೂ ಸೂಕ್ಷ್ಮವಾದುದು. ಬಹುದಿನ ಮೇದಸ್ಸಿನ ಮೇಲೆ ನಡೆದ ದೇಹಕ್ಕೆ ಒಮ್ಮೆಲೇ ಸಿಹಿಯೂ ಅನ್ನವೂ ಬಿದ್ದರೆ ಇನ್ಸುಲಿನ್ ಉಕ್ಕುತ್ತದೆ. ಅದರೊಡನೆ ರಕ್ತದಲ್ಲಿರುವ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳು ಜೀವಕೋಶಗಳ ಒಳಗೆ ನುಗ್ಗಿ, ರಕ್ತದಲ್ಲಿ ಅವುಗಳ ಕೊರತೆಯುಂಟಾಗುತ್ತದೆ. ಹೃದಯದ ಬಡಿತ ತಪ್ಪುತ್ತದೆ, ಉಸಿರಾಟದ ಮಾಂಸಖಂಡಗಳು ಸೋಲುತ್ತವೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1945ರ ಸುಮಾರಿಗೆ, ಸೆರೆಶಿಬಿರಗಳಿಂದ ಬಿಡುಗಡೆಯಾದ ಹಸಿದ ಕೈದಿಗಳಲ್ಲಿ ಕೆಲವರು ಹೊಟ್ಟೆತುಂಬ ಉಂಡ ಮೇಲೆ ಸತ್ತುದನ್ನು ವೈದ್ಯರು ಗಮನಿಸಿದರು.

ಅಕ್ಷಯ ತದಿಗೆಯಂದು ಆದಿತೀರ್ಥಂಕರರಿಗೆ ಹಸ್ತಿನಾಪುರದಲ್ಲಿ ಶ್ರೇಯಾಂಸನು ಕೊಟ್ಟುದು ಕಬ್ಬಿನ ಹಾಲು ಎಂಬುದನ್ನು ನೆನೆದು ಅನೇಕರು ಪಾರಣೆಗೆ ಅದನ್ನೇ ಬಯಸುತ್ತಾರೆ. ಭಕ್ತಿಗೆ ಒಂದೆರಡು ಚಮಚೆ ಸಾಕು, ಲೋಟವಲ್ಲ. ವಜ್ರವೃಷಭನಾರಾಚ ಸಂಹನನದ ಮಹಾಪುರುಷರಿಗೆ ಸಂದುದು ನಮ್ಮ ಮೇದೋಜೀರಕ ಗ್ರಂಥಿಗೆ ಸಲ್ಲಲಾರದು. ದೀರ್ಘ ಉಪವಾಸದವರಿಗೆ ಮೊದಲ ದಿನ ಹೆಸರುಬೇಳೆಯ ಕಟ್ಟು, ಚಿಟಿಕೆ ಉಪ್ಪು ಹಾಕಿದ ಅಕ್ಕಿಯ ಅಥವಾ ನವಣೆಯ ತಿಳಿಗಂಜಿ, ಬೋಗುಣಿ ತುಂಬ ಅಲ್ಲ, ಅಂಗೈ ಗಾತ್ರದ ಬಟ್ಟಲಿನಲ್ಲಿ, ಎರಡು ಮೂರು ತಾಸಿಗೊಮ್ಮೆ, ಸೂರ್ಯಾಸ್ತದ ಒಳಗೆ. ರಾತ್ರಿ ನೆನೆಸಿ ಹುಳಿಬಂದ ಅಂಬಲಿ ನಮಗೆ ವರ್ಜ್ಯವಾದುದರಿಂದ ಗಂಜಿಯನ್ನು ಅಂದೇ ಮಾಡಬೇಕು. ಎರಡನೆಯ ದಿನ ಮೆತ್ತಗೆ ಬೆಂದ ಅನ್ನ, ತೊಗರಿಯ ತಿಳಿಸಾರು. ರೊಟ್ಟಿ, ಶೇಂಗಾದ ಚಟ್ನಿ, ಹೋಳಿಗೆಗಳು ಮೂರು ನಾಲ್ಕು ದಿನ ಕಳೆದ ಮೇಲೆ. ಐದು ಉಪವಾಸ ದಾಟಿದವರು ಪಾರಣೆಯ ಹಿಂದಿನ ದಿನವೇ ವೈದ್ಯರಿಗೆ ತಿಳಿಸಿಟ್ಟಿರುವುದು ಒಳ್ಳೆಯದು. ಕಾಲು ಊದಿಕೊಂಡರೆ, ಏದುಸಿರು ಬಂದರೆ, ಎದೆಬಡಿತ ಹೆಚ್ಚುಕಡಿಮೆಯಾದರೆ ಊಟವನ್ನು ಅಷ್ಟಕ್ಕೇ ನಿಲ್ಲಿಸಿ ತಾಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು. ಎಷ್ಟು ದಿನಗಳ ಉಪವಾಸವಾಗಿತ್ತು, ನೀರು ಕುಡಿದಿದ್ದರೋ ಇಲ್ಲವೋ, ಯಾವ ಗುಳಿಗೆಗಳಿವೆ ಎಂಬ ಮೂರು ಸಂಗತಿಗಳನ್ನು ವೈದ್ಯರಿಗೆ ಮರೆಯದೆ ಹೇಳಬೇಕು.